ತೆಂಗಿನಕಾಯಿ 010

ನಿವೃತ್ತಿಯಾದ ಮೇಲೆ ಯಾರಾದರೂ "ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರೆ ನಾನು "ಅಕ್ಷರಾನ ಅಂಕಿ ಮಾಡ್ತಿದ್ದೆ" ಎನ್ನುತ್ತೇನೆ. ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಪಾಪ ವಯಸ್ಸಾಯಿತು ಎಂದುಕೊಂಡು ಮಾತು ಬದಲಿಸುತ್ತಾರೆ. ಆದರೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ.

ಕೀಬೋರ್ಡಿನಲ್ಲಿ ನೀವು 25 ಎಂದು ಒತ್ತಿದಾಗ ಕಂಪ್ಯೂಟರಿಗೆ ಸಿಗುವುದು ಇಪ್ಪತ್ತೈದು ಅಲ್ಲ. ಎರಡು ಎಂಬ ಒಂದು ಗುರುತು, ಪಕ್ಕದಲ್ಲಿ ಐದು ಎಂಬ ಇನ್ನೊಂದು ಗುರುತು, ಅಷ್ಟೇ. ಅವೆರಡನ್ನೂ ಜೋಡಿಸಿ, ಇದು ಇಪ್ಪತ್ತೈದು, ಇದನ್ನು ಕೂಡಬಹುದು ಕಳೆಯಬಹುದು ಎಂದು ಅದಕ್ಕೆ ತಿಳಿಸಿಕೊಡುವವರು ಬೇಕು. ಸಿ ಭಾಷೆಯಲ್ಲಿ ಅದಕ್ಕೆ ಒಂದೆರಡು ಸಾಲು ಸಾಕು. ಆ ಒಂದೆರಡು ಸಾಲನ್ನು ನಾನು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬರೆದೆ, ಮತ್ತೆ ಮತ್ತೆ ತಪ್ಪು ಬರೆದೆ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳು "ಆಂಟಿ, ಇದರಲ್ಲೇನಿದೆ, ಒಂದು ಫಂಕ್ಷನ್ ಕರೆದ್ರೆ ಆಯ್ತಲ್ಲ" ಎನ್ನುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಿಡ್ತಿಯ ವಿಷಯ ಇದರಲ್ಲಿ ಬರುವುದಿಲ್ಲ. ಮೂರೇ ಜನರಿದ್ದ ಕಂಪನಿಯಲ್ಲಿ ಬಡ್ತಿ ಎಂದರೆ ಕಿಟಕಿ ಪಕ್ಕದ ಮೇಜು ಸಿಗುವುದು, ಅದು ನನಗೆ ಮೊದಲ ವರ್ಷವೇ ಸಿಕ್ಕಿತ್ತು.

ನಮ್ಮ ಕಂಪನಿ ಇದ್ದದ್ದು ಬಸವನಗುಡಿಯಲ್ಲಿ, ಒಂದು ಹಳೆಯ ಮನೆಯ ಮಹಡಿಯ ಮೇಲೆ. ಕೆಳಗೆ ಮನೆ ಯಜಮಾನರ ಸಂಸಾರ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಹುಳಿಗೆ ಒಗ್ಗರಣೆ ಬಿದ್ದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಆಮೇಲೆ ಊಟದ ತನಕ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಜಾಸ್ತಿ. ಕಂಪನಿಯ ಒಡೆಯರು ರಂಗನಾಥ್ ಸರ್. ದೊಡ್ಡ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು, ಕೆಲಸ ಬಿಟ್ಟು ಬಂದು ಇದನ್ನು ಶುರುಮಾಡಿದ್ದರು. ಎರಡನೆಯವಳು ನಾನು, ಸುಮಿತ್ರಾ. ಅಲ್ಲಿಯ ತನಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಮೂರನೆಯವರು ಸರ್ ಅವರ ಹೆಂಡತಿ. ಫೋನ್ ತೆಗೆಯುವುದು ಮತ್ತು ನಮ್ಮಿಬ್ಬರ ಜಗಳ ಬಿಡಿಸುವುದು ಅವರ ಇಲಾಖೆ.

ರಂಗನಾಥ್ ಸರ್ ಅವರದು ಒಂದು ಪದ್ಧತಿ ಇತ್ತು. ಬರೆದ ಪ್ರೋಗ್ರಾಮನ್ನೆಲ್ಲ ಕಾಗದದ ಮೇಲೆ ಪ್ರಿಂಟ್ ತೆಗೆಯಬೇಕು. ಅವರು ಕೆಂಪು ಪೆನ್ಸಿಲ್ ಹಿಡಿದು, ಕಾಲು ಮಡಿಸಿ ಕುರ್ಚಿಯ ಮೇಲೆ ಕೂತು, ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಿದ್ದರು. ಪ್ರತಿ ಹಾಳೆಯ ಮೂಲೆಯಲ್ಲಿ ಅವರ ಸಹಿ ಬೀಳದೆ ಒಂದು ಫ್ಲಾಪಿಯೂ ಮೆಟ್ಟಿಲು ಇಳಿಯುವಂತಿರಲಿಲ್ಲ. ನನಗೆ ಆಗ ಅದು ಶುದ್ಧ ಕಿರಿಕಿರಿ. ನಾನೇ ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು, ನನ್ನದನ್ನು ಇನ್ನೊಬ್ಬರು ತಿದ್ದುವುದೆಂದರೆ ಮೈ ಉರಿಯುತ್ತಿತ್ತು.

ನನ್ನ ಮೊದಲ ಅವಾಂತರ ನಡೆದದ್ದು ಮಲ್ಲೇಶ್ವರದಲ್ಲಿ. ಅಲ್ಲಿ ಒಂದು ಟೈಪಿಂಗ್ ಶಾಲೆಗೆ ವಿದ್ಯಾರ್ಥಿಗಳ ಪಟ್ಟಿ ಇಡುವ ಪ್ರೋಗ್ರಾಮ್ ಮಾಡಿಕೊಟ್ಟಿದ್ದೆ. ಎರಡು ದಿನಕ್ಕೆ ಶಾಲೆಯ ಮೇಡಂ ಫೋನ್ ಮಾಡಿದರು. "ನಿಮ್ಮ ಕಂಪ್ಯೂಟರು ನಮ್ಮ ಹುಡುಗಿಯರಿಗೆಲ್ಲ ಸೊನ್ನೆ ಸೊನ್ನೆ ನಂಬರ್ ಕೊಟ್ಟು ಕೂತಿದೆ ಕಣ್ರೀ, ಬಂದು ನೋಡಿ." ಹೋಗಿ ನೋಡಿದೆ. ಆ ಮೇಡಂ ನೋಡದೆಯೇ ಟೈಪ್ ಮಾಡುವ ಗಟ್ಟಿಗಿತ್ತಿ. ಆದರೆ ಅವರು ಕಲಿತ ಹಳೆಯ ಟೈಪ್‌ರೈಟರಿನಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಚಿಕ್ಕ ಎಲ್ ಅಕ್ಷರವನ್ನೇ ಒಂದು ಎಂದು ಹೊಡೆಯುವುದು ಎಲ್ಲರ ರೂಢಿ. ಮೂವತ್ತು ವರ್ಷದ ರೂಢಿ ಕಂಪ್ಯೂಟರ್ ಬಂತೆಂದು ಬಿಟ್ಟುಹೋಗುತ್ತದೆಯೇ? ಹನ್ನೆರಡು ಎನ್ನಲು ಅವರು ಎಲ್ ಹೊಡೆದು ಎರಡು ಹೊಡೆದಿದ್ದರು. ನಾನು ಬಳಸಿದ್ದು atoi ಎಂಬ ಹಳೆಯ ಫಂಕ್ಷನ್, ಅಂದರೆ ಅಕ್ಷರ ಕೊಟ್ಟರೆ ಅಂಕಿ ಮಾಡಿಕೊಡಲು ಯಾರೋ ಮೊದಲೇ ಬರೆದಿಟ್ಟ ಪುಟ್ಟ ಪ್ರೋಗ್ರಾಮ್. ಅದರ ಸ್ವಭಾವ ಬಹಳ ಸಾಧು. ಅರ್ಥವಾಗದ್ದು ಕಂಡರೆ ಕೂಗುವುದಿಲ್ಲ, ಕೇಳುವುದಿಲ್ಲ, ಸೊನ್ನೆ ಎಂದು ಹೇಳಿ ಸುಮ್ಮನಾಗುತ್ತದೆ. ನಿಜವಾಗಿ ಸೊನ್ನೆ ಬಂದರೂ ಸೊನ್ನೆ, ಕಸ ಬಂದರೂ ಸೊನ್ನೆ.

ಸರ್ ಅವತ್ತು ಬೈಯಲಿಲ್ಲ. "ಅರ್ಥ ಆಗದೆ ಇದ್ರೂ ತಲೆ ಆಡಿಸೋ ಮಕ್ಕಳು ನಿನ್ನ ಕ್ಲಾಸಲ್ಲಿ ಇರ್ತಿದ್ರಲ್ವೇನಮ್ಮಾ? ಇದೂ ಹಾಗೇ" ಎಂದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಆ ಅವಮಾನಕ್ಕೆ ನಾನು ಪುಸ್ತಕ ಹಿಡಿದು ಕೂತೆ. strtoul ಎಂಬ ಇನ್ನೊಂದು ಫಂಕ್ಷನ್ ಸಿಕ್ಕಿತು. ಅಕ್ಷರಗಳನ್ನು ಓದಿ ಮೈನಸ್ ಇಲ್ಲದ ಸಂಖ್ಯೆ ಮಾಡಿಕೊಡುವುದು ಅದರ ಕೆಲಸ. ಅಂಥ ಸಂಖ್ಯೆಗೆ ನಮ್ಮಲ್ಲಿ ಅನ್‌ಸೈನ್ಡ್ ಎನ್ನುತ್ತಾರೆ. ಕುರ್ಚಿ, ಮಕ್ಕಳು, ತೆಂಗಿನಕಾಯಿ, ಇವೆಲ್ಲ ಅನ್‌ಸೈನ್ಡ್. ಮೈನಸ್ ಮೂರು ಕುರ್ಚಿಯನ್ನು ನಾನಂತೂ ಎಲ್ಲಿಯೂ ಕಂಡಿಲ್ಲ. ಈ ಫಂಕ್ಷನ್ ಬಹಳ ಚುರುಕು. ಎಲ್ಲಿಯ ತನಕ ಓದಿದೆ, ಎಲ್ಲಿ ನಿಂತೆ ಎಂದು ಬೆರಳಿಟ್ಟು ತೋರಿಸುತ್ತದೆ. ಮಧ್ಯದಲ್ಲಿ ಎಡವಿ ನಿಂತಿದ್ದರೆ "ಸರಿಯಾದ ಸಂಖ್ಯೆ ಕೊಡಿ" ಎಂದು ನಾವು ತಿರುಗಿ ಕೇಳಬಹುದು. ಅದಕ್ಕೆ ಕೊನೆಯಲ್ಲಿ ಇನ್ನೊಂದು ವಿಷಯ ಹೇಳಬೇಕು: ಯಾವ ಲೆಕ್ಕದಲ್ಲಿ ಎಣಿಸಬೇಕು ಎಂದು. ಹತ್ತು ಎಂದು ಕೊಟ್ಟರೆ ನಾವೆಲ್ಲ ಎಣಿಸುವ ಹತ್ತರ ಲೆಕ್ಕ. ಸೊನ್ನೆ ಎಂದು ಕೊಟ್ಟರೆ, ಬಂದ ಅಕ್ಷರಗಳನ್ನು ನೋಡಿ ಅದೇ ತೀರ್ಮಾನ ಮಾಡಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿತ್ತು. ಅಷ್ಟು ಬುದ್ಧಿವಂತ ಫಂಕ್ಷನ್ನಿಗೆ ನಾನೇಕೆ ಹೇಳಿಕೊಡಲಿ ಎಂದು ನಾನು ಸೊನ್ನೆ ಕೊಟ್ಟೆ.

ಸರ್ ಆ ಸಾಲಿನ ಮೇಲೆ ಪೆನ್ಸಿಲ್ ನಿಲ್ಲಿಸಿದ್ದರು. "ಈ ಸೊನ್ನೆ ಯಾಕಮ್ಮಾ?"

"ಅದೇ ತೀರ್ಮಾನ ಮಾಡ್ಕೊಳ್ಳತ್ತೆ ಸರ್."

"ತೀರ್ಮಾನ ನಾವು ಮಾಡ್ಬೇಕಲ್ವಾ?"

"ಪುಸ್ತಕದಲ್ಲೇ ಇದೆ ಸರ್" ಎಂದೆ, ಗಣಿತದ ಮೇಡಂ ಗತ್ತಿನಲ್ಲಿ. ಕೆಳಗಿನಿಂದ ಒಗ್ಗರಣೆ ವಾಸನೆ ಬಂದಿತ್ತು. ಸರ್ ಸಹಿ ಹಾಕಿ ಊಟಕ್ಕೆ ಎದ್ದರು.

ಈ ಪ್ರೋಗ್ರಾಮ್ ಹೋದದ್ದು ವಿಶ್ವೇಶ್ವರಪುರದ ಒಂದು ವಿದ್ಯಾರ್ಥಿನಿಲಯಕ್ಕೆ. ಹಳ್ಳಿಗಳಿಂದ ಓದಲು ಬಂದ ಹೆಣ್ಣುಮಕ್ಕಳಿಗೆ ಅಲ್ಲಿ ಊಟ ವಸತಿ ಉಚಿತ. ಮಾಮೂಲ್‌ಪೇಟೆಯ ಒಬ್ಬ ವರ್ತಕರು ವಾರಕ್ಕೆರಡು ಸಲ ಸಾಮಾನು ಕಳಿಸುತ್ತಿದ್ದರು. ಬಂದದ್ದನ್ನು ಎಣಿಸಿ ಉಗ್ರಾಣಕ್ಕೆ ಸೇರಿಸುವವರು ಗುಮಾಸ್ತ ಶ್ರೀಕಂಠಯ್ಯ. ಬಿಳಿ ಪಂಚೆ, ಕಂದು ಕೋಟು, ಸೊಂಟದಲ್ಲಿ ಏಳು ಕೀಲಿಗಳ ಗೊಂಚಲು. ಅವರು ಬರುವುದು ಕಾಣುವ ಮೊದಲು ಆ ಕೀಲಿಗಳ ಸದ್ದು ಬರುತ್ತಿತ್ತು. ಬಂದ ಸಾಮಾನನ್ನು ಇನ್ನುಮುಂದೆ ಅವರೇ ಕಂಪ್ಯೂಟರಿನಲ್ಲಿ ಬರೆಯಬೇಕೆಂದು ವಿದ್ಯಾರ್ಥಿನಿಲಯದ ಕಾರ್ಯದರ್ಶಿಗಳು ತೀರ್ಮಾನಿಸಿದ್ದರು. ಕಾರ್ಯದರ್ಶಿಗಳು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಕಾಗದದಲ್ಲಿ ಇದ್ದದ್ದು ಮಾತ್ರ ನಿಜ ಎನ್ನುವ ಜಾತಿ.

ಶ್ರೀಕಂಠಯ್ಯನವರಿಗೆ ಕಲಿಸಲು ನಾನು ಒಂದು ವಾರ ಹೋದೆ. ಮೊದಲ ದಿನ ಅವರು ಕಂಪ್ಯೂಟರಿಗೆ ಕುಂಕುಮ ಇಟ್ಟು, ಕೈಮುಗಿದು, ಆಮೇಲೆ ನನ್ನನ್ನು ಕೇಳಿದರು: "ತಾಯಿ, ಇದು ತಪ್ಪು ಮಾಡತ್ತಾ?"

"ಇಲ್ಲ ಶ್ರೀಕಂಠಯ್ಯನವರೇ. ಮಾಡಿದ್ರೆ ನಾವು ಮಾಡ್ಬೇಕು, ಅದು ಮಾಡಲ್ಲ" ಎಂದೆ. ಎಷ್ಟು ನಿಜ ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಒಂದೊಂದೇ ಬೆರಳಿನಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ, ಅವರು ಟೈಪ್ ಮಾಡುವುದನ್ನು ಕಲಿತರು. ಸಾಮಾನಿನ ಹೆಸರನ್ನು ಆರಿಸುವುದು, ಎಷ್ಟು ಬಂತು ಎಂದು ಒತ್ತುವುದು, ಎಂಟರ್ ಕೀಲಿ ಅದುಮುವುದು. ಒತ್ತಿದ ತಕ್ಷಣ ಪರದೆ ಸ್ವಚ್ಛವಾಗಿ "ಧನ್ಯವಾದ" ಎಂದು ಇಂಗ್ಲಿಷಿನಲ್ಲಿ ಬರುತ್ತಿತ್ತು. ಆ ಸ್ವಚ್ಛ ಪರದೆಯ ಬಗ್ಗೆ ನನಗೆ ಬಹಳ ಹೆಮ್ಮೆ. ನನ್ನೆದುರು ಕಲಿಯುವಾಗ ಅವರು ನಾನು ಹೇಳಿದ ಸಂಖ್ಯೆಗಳನ್ನು ನಾನು ಹೇಳಿದ ಹಾಗೆಯೇ ಹೊಡೆಯುತ್ತಿದ್ದರು. ಎಲ್ಲವೂ ಸರಿಯಾಗಿತ್ತು.

ಎರಡು ವಾರ ಬಿಟ್ಟು ಅವರು ಬಸವನಗುಡಿಗೆ ಏನೋ ಕೆಲಸಕ್ಕೆ ಬಂದವರು ನಮ್ಮ ಮಹಡಿ ಹತ್ತಿದರು. "ಚೆನ್ನಾಗಿ ನಡೀತಿದೆ ತಾಯಿ. ಆದ್ರೆ ಒಂದು ವಿಷಯ. ನಿಮ್ಮ ಕಂಪ್ಯೂಟರಿಗೆ ಎಂಟು ಒಂಬತ್ತು ಕಂಡ್ರೆ ಆಗಲ್ಲ."

"ಹಾಗಂದ್ರೆ?"

"ಹದಿನೆಂಟು ಅಂತ ಹೊಡೆದ್ರೆ ಬೇಡ ಅನ್ನತ್ತೆ. ತೊಂಬತ್ತು ಅಂದ್ರೂ ಬೇಡ ಅನ್ನತ್ತೆ. ಇನ್ನೊಂದು ಸಲ ನಿಧಾನವಾಗಿ ಹೊಡೆದ್ರೆ ತಗೊಳ್ಳತ್ತೆ. ಮಿಕ್ಕಿದ್ದೆಲ್ಲ ಒಂದೇ ಸಲಕ್ಕೆ ತಗೊಳ್ಳತ್ತೆ."

ನಾನು ನಕ್ಕುಬಿಟ್ಟೆ. ವಯಸ್ಸಾದವರು, ಬೆರಳು ಜಾರಿರುತ್ತದೆ, ಅದಕ್ಕೊಂದು ಕತೆ ಕಟ್ಟಿಕೊಂಡಿದ್ದಾರೆ ಎಂದುಕೊಂಡೆ. "ನಿಮಗೂ ಅದಕ್ಕೂ ಪರಿಚಯ ಆಗ್ಬೇಕು, ಆಮೇಲೆ ಸರಿಹೋಗತ್ತೆ" ಎಂದು ಕಾಫಿ ಕೊಟ್ಟು ಕಳಿಸಿದೆ. ಈ ಕೆಲಸಕ್ಕೆ ಬರುವ ಮಕ್ಕಳೇ, ನಾನು ಬರೆದದ್ದರಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ನಿಮ್ಮ ಪ್ರೋಗ್ರಾಮ್ ಬಳಸುವವರು ಬಂದು ಹುಚ್ಚುಹುಚ್ಚಾಗಿ ಏನಾದರೂ ಹೇಳಿದರೆ ನಗಬೇಡಿ, ಬರೆದುಕೊಳ್ಳಿ.

ಇನ್ನೂ ಎರಡು ತಿಂಗಳ ಮೇಲೆ ಕಾರ್ಯದರ್ಶಿಗಳು ನಮಗೆ ಫೋನ್ ಮಾಡಿ ಹೊಗಳಿದರು. "ನಿಮ್ಮ ಪ್ರೋಗ್ರಾಮ್ ಬಂದದ್ದು ಒಳ್ಳೇದಾಯ್ತು ರಂಗನಾಥ್. ಕಳ್ಳ ಸಿಕ್ಕಿಬಿದ್ದ. ವರ್ತಕರು ಕಳಿಸಿದ್ದು ಇಪ್ಪತ್ತೈದು ಕಾಯಿ, ಉಗ್ರಾಣಕ್ಕೆ ಸೇರಿದ್ದು ಇಪ್ಪತ್ತೊಂದು. ಬೆಲ್ಲ, ಬೇಳೆ, ಎಲ್ಲದರಲ್ಲೂ ಹೀಗೇ. ಶ್ರೀಕಂಠಯ್ಯ ಇಂಥ ಮನುಷ್ಯ ಅಂತ ನಾವು ಯಾರೂ ಅಂದ್ಕೊಂಡಿರ್ಲಿಲ್ಲ. ಶನಿವಾರ ಸಮಿತಿ ಸೇರತ್ತೆ. ಕೀಲಿ ಇಸ್ಕೊಂಡು ಮನೆಗೆ ಕಳಿಸ್ತೀವಿ. ನೀವೂ ಬನ್ನಿ, ಲೆಕ್ಕ ವಿವರಿಸೋಕೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಮೇಜಿನ ಮೇಲಿದ್ದ ಪ್ರೋಗ್ರಾಮಿನ ಕಟ್ಟನ್ನು ಮುಟ್ಟಿ ನೋಡಿಕೊಂಡೆ. ಆದರೆ ಅದರಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಸರ್ ಕಾರ್ಯದರ್ಶಿಗಳನ್ನು ಕೇಳಿದ್ದರು, ಉಗ್ರಾಣದಲ್ಲಿರುವುದನ್ನು ಒಮ್ಮೆ ಎಣಿಸಬಾರದೇ ಎಂದು. ದಿನವೂ ಬೇಯುವ ಸಾಮಾನು, ಹೋದ ತಿಂಗಳದ್ದನ್ನು ಇವತ್ತು ಎಣಿಸಿದರೆ ಏನು ಸಿಗುತ್ತದೆ ಎಂದು ಅವರು ಹೇಳಿದರಂತೆ. ಅದೂ ಸರಿಯೇ.

ನಾನು ವರ್ತಕರ ಚೀಟಿಗಳ ನಕಲು ತರಿಸಿಕೊಂಡು, ಎಡಗಡೆ ಅವರು ಕಳಿಸಿದ್ದು, ಬಲಗಡೆ ಕಂಪ್ಯೂಟರಿನಲ್ಲಿ ಇದ್ದದ್ದು ಎಂದು ಬರೆಯುತ್ತ ಹೋದೆ. ಸರ್ ಹಿಂದೆ ನಿಂತು ನೋಡುತ್ತಿದ್ದರು. ಹತ್ತು ಕಳಿಸಿದ್ದರೆ ಎಂಟು ಸೇರಿತ್ತು. ಇಪ್ಪತ್ತಕ್ಕೆ ಹದಿನಾರು. ನಲವತ್ತಕ್ಕೆ ಮೂವತ್ತೆರಡು. ಎರಡು ತಿಂಗಳಲ್ಲಿ ಒಂದು ಸಲವೂ ಹತ್ತಕ್ಕೆ ಒಂಬತ್ತು ಸೇರಿರಲಿಲ್ಲ, ಏಳೂ ಸೇರಿರಲಿಲ್ಲ.

"ಏನಮ್ಮಾ ಇದು, ಕಳ್ಳ ಮಗ್ಗಿ ಕಲಿತಿದಾನೆ" ಎಂದರು ಸರ್.

ಆಮೇಲೆ ಹದಿನೆಂಟು ಬಂತು. ಹದಿನೆಂಟಕ್ಕೆ ಹದಿನೆಂಟೂ ಸೇರಿತ್ತು. ತೊಂಬತ್ತಕ್ಕೆ ತೊಂಬತ್ತು. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು. ಎಂಟು, ಒಂಬತ್ತು ಇದ್ದ ಕಡೆ ಕಳ್ಳ ಕೈಯನ್ನೇ ಹಾಕಿರಲಿಲ್ಲ. ನಿಮ್ಮ ಕಂಪ್ಯೂಟರಿಗೆ ಎಂಟು ಒಂಬತ್ತು ಕಂಡರೆ ಆಗಲ್ಲ ಎಂದು ಶ್ರೀಕಂಠಯ್ಯನವರು ನಮ್ಮ ಮಹಡಿ ಹತ್ತಿ ಬಂದು ಹೇಳಿದ್ದು ನೆನಪಾಯಿತು.

ಚಪ್ಪಲಿ ಮೆಟ್ಟಿಕೊಂಡು ವಿಶ್ವೇಶ್ವರಪುರಕ್ಕೆ ನಡೆದೇ ಹೋದೆ. ಶ್ರೀಕಂಠಯ್ಯನವರು ಉಗ್ರಾಣದ ಬಾಗಿಲಲ್ಲಿ ಕೂತಿದ್ದರು. ಶನಿವಾರದ ವಿಷಯ ಅವರಿಗೆ ತಿಳಿದಿತ್ತು. "ಏನೂ ಮಾತಾಡ್ಬೇಡಿ, ಹತ್ತು ಕಾಯಿ ಬಂತು ಅಂತ ಒಂದು ಸಲ ಹೊಡೆದು ತೋರಿಸಿ" ಎಂದೆ. ಅವರು ಎದ್ದು ಬಂದು ಒಂದೊಂದೇ ಬೆರಳಿನಲ್ಲಿ ಹೊಡೆದರು. ಸೊನ್ನೆ. ಒಂದು. ಸೊನ್ನೆ.

"ಮುಂದೆ ಸೊನ್ನೆ ಯಾಕೆ ಹಾಕಿದ್ರಿ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹಾಕ್ದೇ ಇರೋಕಾಗತ್ತಾ ತಾಯಿ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಐದು ಕಾಯಿ ಅಂತ ಬರೆದಿದ್ದೆ. ಯಾರೋ ಪುಣ್ಯಾತ್ಮ ಮುಂದೆ ಒಂದು ಎರಡು ಸೇರಿಸಿ ಇಪ್ಪತ್ತೈದು ಮಾಡಿದ. ಇಪ್ಪತ್ತು ಕಾಯಿಗೆ ಜವಾಬು ಯಾರು ಕೊಡ್ಬೇಕು? ನಾನು. ಅವತ್ತಿಂದ ಮುಂದೆ ಸೊನ್ನೆ ಇಲ್ದೆ ನಾನು ಸಂಖ್ಯೆ ಬರೆದಿಲ್ಲ. ಹತ್ತರ ಮುಂದೆ ಸೊನ್ನೆ ಇದ್ದಾಗ ಇನ್ನೊಂದು ಅಂಕಿ ತೂರಿಸಿದ್ರೆ ಸಾವಿರದ ಮೇಲೆ ಹೋಗತ್ತೆ. ಕುರುಡನಿಗೂ ಗೊತ್ತಾಗತ್ತೆ."

ಕಳ್ಳತನದ ಆರೋಪ ಮತ್ತೆ ಬರಬಾರದೆಂದು ಮೂವತ್ತು ವರ್ಷ ಹಾಕಿಕೊಂಡು ಬಂದ ಸೊನ್ನೆ ಅದು. ಮುಂದೆ ಸೊನ್ನೆ ಇದ್ದರೆ ಅದನ್ನು ಎಂಟರ ಲೆಕ್ಕದಲ್ಲಿ ಎಣಿಸುವುದು ಸಿ ಭಾಷೆಯ ಹಳೆಯ ಪದ್ಧತಿ. ಎರಡೂ ಕೈಯಲ್ಲಿ ನಾಲ್ಕು ನಾಲ್ಕೇ ಬೆರಳಿರುವವರು ಎಣಿಸುವ ಹಾಗೆ. ಆ ಲೆಕ್ಕದಲ್ಲಿ 010 ಎಂದರೆ ಎಂಟು, 025 ಎಂದರೆ ಎರಡು ಎಂಟಲ ಹದಿನಾರು ಮತ್ತು ಐದು, ಇಪ್ಪತ್ತೊಂದು. ಎಂಟು, ಒಂಬತ್ತು ಎಂಬ ಅಂಕಿಗಳೇ ಅಲ್ಲಿ ಇಲ್ಲ. ಹಾಗಾಗಿ 018 ಬಂದರೆ ಫಂಕ್ಷನ್ ಎಡವಿ ನಿಲ್ಲುತ್ತಿತ್ತು, ನನ್ನ ಪ್ರೋಗ್ರಾಮ್ ಬೇಡ ಎನ್ನುತ್ತಿತ್ತು, ಶ್ರೀಕಂಠಯ್ಯನವರು ಬೆದರಿ ತಮಗೇ ತಿಳಿಯದೆ ಸೊನ್ನೆ ಬಿಟ್ಟು ಹೊಡೆಯುತ್ತಿದ್ದರು, ಸರಿಹೋಗುತ್ತಿತ್ತು. ಮಿಕ್ಕೆಲ್ಲ ಕಡೆ ಅದು ಸದ್ದಿಲ್ಲದೆ ಕಡಿಮೆ ಎಣಿಸುತ್ತಿತ್ತು. ನಾನೇ ಕೊಟ್ಟ ಅಧಿಕಾರ, ನೀನೇ ತೀರ್ಮಾನ ಮಾಡಿಕೋ ಎಂದು.

ನಾನು ಅವರಿಗೆ ಅಲ್ಲಿಯೇ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ. "ಶನಿವಾರ ಸರಿಹೋಗತ್ತೆ, ಯೋಚನೆ ಮಾಡ್ಬೇಡಿ" ಎಂದು ಹೊರಟುಬಂದೆ. ಎರಡು ದಿನ ಅವರು ಆ ಮಾತನ್ನು ಹಿಡಿದುಕೊಂಡು ಹೇಗೆ ಕಳೆದರೋ. ಅದು ನನ್ನ ಇನ್ನೊಂದು ತಪ್ಪು, ಆ ಸೊನ್ನೆ ಕೊಟ್ಟದ್ದಕ್ಕಿಂತ ದೊಡ್ಡದು.

ಕಚೇರಿಗೆ ಬಂದು ಸರ್ ಮುಂದೆ ನಿಂತೆ. ಸಮಿತಿಯವರಿಗೆ ಹೇಳಿದರೆ ಆ ಕೆಲಸ ಕೈಬಿಟ್ಟುಹೋಗಬಹುದು. ಆಗ ನಮಗಿದ್ದ ಗಿರಾಕಿಗಳೇ ನಾಲ್ಕು ಜನ. ಸರ್ ಆ ಹಾಳೆ ಹುಡುಕಿ ತೆಗೆದರು. ಕೆಂಪು ಪೆನ್ಸಿಲಿನ ಚುಕ್ಕೆ ಆ ಸೊನ್ನೆಯ ಪಕ್ಕದಲ್ಲಿ ಹಾಗೇ ಇತ್ತು, ಮೂಲೆಯಲ್ಲಿ ಅವರ ಸಹಿಯೂ ಇತ್ತು.

"ಕೇಳಿದ್ದೂ ನಾನೇ, ಒಗ್ಗರಣೆ ವಾಸನೆಗೆ ಎದ್ದು ಹೋದವನೂ ನಾನೇ" ಎಂದರು. "ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ. ನಾವು ಕೋತಿ ಆಗೋದು ಬೇಡ. ನಡಿ."

ಶನಿವಾರ ಬೆಳಿಗ್ಗೆ ಸಮಿತಿಯವರು ಐದು ಜನ ಸೇರಿದ್ದರು. ಮೇಜಿನ ಮೇಲೆ ಕೀಲಿಗೊಂಚಲು ಆಗಲೇ ಬಂದು ಕೂತಿತ್ತು. ಶ್ರೀಕಂಠಯ್ಯನವರು ಗೋಡೆ ಪಕ್ಕ ನಿಂತಿದ್ದರು. ಕೀಲಿಯಿಲ್ಲದ ಅವರ ಸೊಂಟವನ್ನು ನೋಡಲು ನನಗೆ ಆಗಲಿಲ್ಲ.

"ಲೆಕ್ಕ ಓದಮ್ಮಾ" ಎಂದರು ಕಾರ್ಯದರ್ಶಿಗಳು.

"ಸರ್, ಓದೋಕೆ ಮುಂಚೆ ತಾವೇ ಒಂದು ಸಲ ಕಂಪ್ಯೂಟರಲ್ಲಿ ಹೊಡೀಬೇಕು. ಸೊನ್ನೆ, ಒಂದು, ಸೊನ್ನೆ."

ಅವರು ಕನ್ನಡಕ ಏರಿಸಿಕೊಂಡು ಹೊಡೆದರು. ಪರದೆ ಧನ್ಯವಾದ ಎಂದಿತು. ನಾನು ದಾಸ್ತಾನಿನ ಪಟ್ಟಿ ತೆಗೆದು ತೋರಿಸಿದೆ. ಎಂಟು.

"ಇದೇನ್ರೀ? ನಾನು ಹತ್ತು ಹೊಡೆದೆ." ಮತ್ತೆ ಹೊಡೆದರು. ಮತ್ತೆ ಎಂಟು. ಮೂರನೆಯ ಸಲ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಹೇಳಿಕೊಂಡು ಹೊಡೆದರು. ಸಮಿತಿಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು "ರಾಯರೇ, ಮೂರು ಸಲಕ್ಕೆ ಆರು ಕಾಯಿ ಹೊಡೆದುಬಿಟ್ರಲ್ಲ!" ಎಂದರು. ಎಲ್ಲರೂ ನಕ್ಕರು, ಕಾರ್ಯದರ್ಶಿಗಳನ್ನೂ ಶ್ರೀಕಂಠಯ್ಯನವರನ್ನೂ ಬಿಟ್ಟು.

"ತಪ್ಪು ನನ್ನದು ಸರ್" ಎಂದೆ. "ಶ್ರೀಕಂಠಯ್ಯನವರು ಒಂದು ಕಾಯಿಯನ್ನೂ ಮುಟ್ಟಿಲ್ಲ. ಅವರು ಸರಿಯಾಗೇ ಎಣಿಸಿದಾರೆ, ಸರಿಯಾಗೇ ಬರೆದಿದಾರೆ. ನನ್ನ ಪ್ರೋಗ್ರಾಮು ತಪ್ಪು ಓದಿದೆ. ಅದರ ಎಂಟು ಒಂಬತ್ತರ ಕಾಟ ಅವರು ಬಂದು ನನಗೆ ಹೇಳಿದ್ರು. ನಾನು ನಕ್ಕು ಕಳಿಸಿದ್ದೆ."

"ಅದರ ಕೆಳಗೆ ನನ್ನ ಸಹಿ ಇದೆ" ಎಂದು ಸರ್ ಆ ಹಾಳೆಯನ್ನು ಮೇಜಿನ ಮೇಲಿಟ್ಟರು.

ಕಾರ್ಯದರ್ಶಿಗಳು ಹಾಳೆ ನೋಡಿದರು, ಪರದೆ ನೋಡಿದರು. ಕಾಗದದಲ್ಲಿ ಇದ್ದದ್ದೂ ಸುಳ್ಳಾಗಬಹುದು ಎಂದು ಆ ಮನುಷ್ಯನಿಗೆ ಅವತ್ತೇ ಮೊದಲು ತಿಳಿದಿರಬೇಕು. ಎದ್ದು ನಿಂತು, ಕೀಲಿಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ತನಕ ನಡೆದುಹೋಗಿ ಕೊಟ್ಟರು. "ತಪ್ಪಾಯ್ತು ಶ್ರೀಕಂಠಯ್ಯನವರೇ. ಕೇಳಬೇಕಿತ್ತು, ಕೇಳಲಿಲ್ಲ." ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಕೆಲಸವನ್ನೂ ಅವರು ನಮ್ಮಿಂದ ಕಿತ್ತುಕೊಳ್ಳಲಿಲ್ಲ.

ಶ್ರೀಕಂಠಯ್ಯನವರು ಕೀಲಿಗಳನ್ನು ಒಂದೊಂದಾಗಿ ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನ್ನನ್ನು ನೋಡಿ, "ಆಗಲಿ ಮೇಡಂ" ಎಂದು ಉಗ್ರಾಣಕ್ಕೆ ಹೋದರು. ತಾಯಿ ಎನ್ನಲಿಲ್ಲ.

ಪ್ರೋಗ್ರಾಮ್ ಸರಿಮಾಡಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ಸೊನ್ನೆಯ ಜಾಗದಲ್ಲಿ ಹತ್ತು ಎಂದು ಬರೆದರೆ ಮುಗಿಯಿತು, ಮುಂದೆ ಎಷ್ಟು ಸೊನ್ನೆ ಬಂದರೂ ಅದು ಹತ್ತರ ಲೆಕ್ಕವನ್ನು ಬಿಡುವುದಿಲ್ಲ. ಶ್ರೀಕಂಠಯ್ಯನವರಿಗೆ ಸೊನ್ನೆ ಹಾಕಬೇಡಿ ಎಂದು ನಾವು ಹೇಳಲೂ ಇಲ್ಲ. ಸರ್ ಇನ್ನೊಂದು ಸೇರಿಸಿದರು. "ಹೋಟೆಲಲ್ಲಿ ಮಾಣಿ ಏನು ಮಾಡ್ತಾನೆ? ಎರಡು ಇಡ್ಲಿ, ಒಂದು ಕಾಫಿ, ಸರಿ ತಾನೇ ಸಾರ್ ಅಂತ ತಿರುಗಿ ಹೇಳ್ತಾನೆ. ನಿನ್ನ ಪ್ರೋಗ್ರಾಮು ಧನ್ಯವಾದ ಅಂತ ಹೇಳಿ ಒಳಗೆ ಹೋಗ್ಬಿಡತ್ತೆ. ಏನು ಅರ್ಥ ಆಯ್ತು ಅನ್ನೋದನ್ನ ಮೊದಲು ಹೇಳ್ಬೇಕು ಅದು." ನನ್ನ ಸ್ವಚ್ಛ ಪರದೆ ಹೋಯಿತು. ಅಲ್ಲಿಂದ ಮುಂದೆ ನಾನು ಬರೆದ ಪ್ರತಿಯೊಂದು ಪ್ರೋಗ್ರಾಮೂ ತನಗೆ ಅರ್ಥವಾದದ್ದನ್ನು ತಿರುಗಿ ಹೇಳಿ, ಸರಿ ತಾನೇ ಎಂದು ಕೇಳಿಯೇ ಮುಂದೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿತು. ಫ್ಲಾಪಿ ಹೋಯಿತು, ಕಾಗದದಲ್ಲಿ ಓದುವ ಪದ್ಧತಿಯೂ ಹೋಯಿತು. ನಮ್ಮಲ್ಲಿಗೆ ದೀಪಕ್ ಎಂಬ ಹೊಸ ಇಂಜಿನಿಯರ್ ಬಂದ. ವಿದ್ಯಾರ್ಥಿನಿಲಯದ ಪ್ರೋಗ್ರಾಮನ್ನು ಹೊಸದಾಗಿ ಬರೆಯುವ ಕೆಲಸ ಅವನಿಗೆ ಕೊಟ್ಟೆವು. ಒಂದು ದಿನ ಕಣ್ಣರಳಿಸಿಕೊಂಡು ನನ್ನ ಮೇಜಿಗೆ ಬಂದ. "ಮೇಡಂ, ಸುಮ್ನೆ ಮೈನಸ್ ಒಂದು ತೆಂಗಿನಕಾಯಿ ಅಂತ ಕೊಟ್ಟು ನೋಡ್ದೆ. ನಾನೂರ ಇಪ್ಪತ್ತೊಂಬತ್ತು ಕೋಟಿ ಕಾಯಿ ಬಂದಿದೆ ಅಂತಿದೆ!"

"ಉಗ್ರಾಣದಲ್ಲಿ ಜಾಗ ಇದೆಯಾ ಕೇಳು" ಎಂದೆ.

"ಅಲ್ಲ ಮೇಡಂ, ಅನ್‌ಸೈನ್ಡ್ ಅಂದ್ಮೇಲೆ ಮೈನಸ್ ಬೇಡ ಅನ್ನಬೇಕಲ್ವಾ ಅದು?"

ಅನ್ನುವುದಿಲ್ಲ. ಅದೇ strtoul ಮೈನಸ್ಸನ್ನೂ ಮರ್ಯಾದೆಯಿಂದ ಒಳಗೆ ಕರೆದುಕೊಳ್ಳುತ್ತದೆ. ಮೈನಸ್ ಸಂಖ್ಯೆ ಇಡಲು ತನ್ನಲ್ಲಿ ಜಾಗವಿಲ್ಲವಾದ್ದರಿಂದ, ಸೊನ್ನೆಯಿಂದ ಹಿಂದಕ್ಕೆ ಹೊರಟು, ಸುತ್ತಿ ಬಂದು, ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯ ಮೇಲೆ ಕೂರುತ್ತದೆ. ಎಡವಿದೆ ಎಂದೂ ತೋರಿಸುವುದಿಲ್ಲ. ನಾನು ದೀಪಕನಿಗೆ ಶ್ರೀಕಂಠಯ್ಯನವರ ಕತೆಯನ್ನು ಮೊದಲಿಂದ ಹೇಳಿದೆ. ಅವನು ಹೋಗಿ, ಫಂಕ್ಷನ್ನಿಗೆ ಕೊಡುವ ಮೊದಲೇ ಒಂದೊಂದು ಅಕ್ಷರವನ್ನೂ ಅಂಕಿಯೇ ಅಲ್ಲವೇ ಎಂದು ಬಾಗಿಲಲ್ಲೇ ನಿಲ್ಲಿಸಿ ನೋಡುವ ನಾಲ್ಕು ಸಾಲು ಬರೆದ. ಆ ನಾಲ್ಕು ಸಾಲಿಗೆ "ಶ್ರೀಕಂಠಯ್ಯ" ಎಂದೇ ಹೆಸರಿಟ್ಟ. ನಾನು ನೋಡಿದೆ, ಬದಲಿಸಲಿಲ್ಲ.

ಅಷ್ಟು ವರ್ಷವೂ ನಾನು ವಿದ್ಯಾರ್ಥಿನಿಲಯಕ್ಕೆ ಹೋಗಿಬರುತ್ತಲೇ ಇದ್ದೆ. ಶ್ರೀಕಂಠಯ್ಯನವರು ಎದ್ದು ನಿಲ್ಲುತ್ತಿದ್ದರು, ಮಜ್ಜಿಗೆ ಕೊಡಿಸುತ್ತಿದ್ದರು, "ಬನ್ನಿ ಮೇಡಂ", "ಆಗಲಿ ಮೇಡಂ" ಎನ್ನುತ್ತಿದ್ದರು. ಒಂದು ಕಟು ಮಾತಿಲ್ಲ. ಆ ಕಾಯಿಗಳ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಸಲ ಬರುವಾಗ ಇವತ್ತು ಸರಿಯಾಗಿ ಕ್ಷಮೆ ಕೇಳಬೇಕು ಎಂದುಕೊಂಡು ಹೋಗಿ, ಮಜ್ಜಿಗೆ ಕುಡಿದು ಬರುತ್ತಿದ್ದೆ.

ಅವರು ಕೆಲಸದಿಂದ ನಿವೃತ್ತರಾದ ಮರುದಿನ ಬೆಳಿಗ್ಗೆ ನಮ್ಮ ಮೆಟ್ಟಿಲಿನ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತುವ ಸದ್ದಾಯಿತು. ಕೀಲಿಗಳ ಸದ್ದಿಲ್ಲದ್ದರಿಂದ ಅವರೆಂದು ನನಗೆ ತಿಳಿಯಲಿಲ್ಲ. ಅದೇ ಕಂದು ಕೋಟು, ಕೈಯಲ್ಲಿ ಭಾರದ ಚೀಲ. ಚೀಲವನ್ನು ನನ್ನ ಮೇಜಿನ ಪಕ್ಕ ಇಳಿಸಿ, ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ತೆಂಗಿನಕಾಯಿ 010.

ರಂಗನಾಥ್ ಸರ್ ಎದ್ದು ಬಂದು ನನ್ನ ಹೆಗಲ ಮೇಲಿಂದ ಚೀಟಿ ನೋಡಿದರು. "ಎಷ್ಟಮ್ಮಾ ಅದು?" ಎಂದರು.

"ಹತ್ತು ಸರ್" ಎಂದೆ. "ಎಣಿಸೋದೇನೂ ಬೇಡ."

"ಛೆ, ಎಣಿಸದೆ ತಗೋಬಾರದು" ಎಂದರು ಶ್ರೀಕಂಠಯ್ಯನವರು, ಉಗ್ರಾಣದ ಗಡಸು ದನಿಯಲ್ಲಿ.

ನಾನು ನೆಲದ ಮೇಲೆ ಕೂತು ಒಂದೊಂದೇ ಕಾಯಿ ತೆಗೆದು ಸಾಲಾಗಿ ಇಟ್ಟೆ. ಅವರು ಬೆನ್ನು ಬಗ್ಗಿಸಿ ನನ್ನ ಕೈಯನ್ನೇ ನೋಡುತ್ತಿದ್ದರು. ಕೊನೆಯ ಕಾಯಿ ಇಟ್ಟು ತಲೆ ಎತ್ತಿದೆ. ಅವರ ಮುಖದ ತುಂಬ ನಗು ಇತ್ತು.

"ಎಂಟಲ್ಲ ತಾನೇ ತಾಯಿ?" ಎಂದರು.